ಗಾಜಿನ ನಳಿಗೆಯ ಸುಳ್ಳು

ಮೂರನೆಯ ಸಲ ಕೀಲಿ ತಿರುಗಿಸಿದಾಗಲೂ ಶವವಾಹನ ‘ಟಕ್’ ಎಂದು ಸುಮ್ಮನಾಯಿತು. ಹಿಂದೆ ಪೆಟ್ಟಿಗೆಯಲ್ಲಿ ಬ್ಯಾಟರಿ ರಿಪೇರಿಯ ಯಜಮಾನರು ನೆಮ್ಮದಿಯಾಗಿ ಮಲಗಿದ್ದರು. ಮುಂದಿನ ಸೀಟಿನಲ್ಲಿ ಅವರ ಹೆಂಡತಿ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು, ಬಸ್ಸು ಹೊರಡಲೆಂದು ಕಾಯುವವರಂತೆ ಕೂತಿದ್ದರು. ಗಲ್ಲಿಯಲ್ಲಿ ನಿಂತಿದ್ದ ನಲವತ್ತು ಜನ ಮುಖಮುಖ ನೋಡಿಕೊಂಡರು. ಈ ಗಾಡಿಯ ಬ್ಯಾಟರಿಗೂ ಮರುಜೀವ ಕೊಟ್ಟವರು ಯಜಮಾನರೇ ಎಂದು ಡ್ರೈವರು ಎದೆ ತಟ್ಟಿ ಹೇಳಿ ಇನ್ನೂ ಅರ್ಧ ಗಂಟೆ ಆಗಿರಲಿಲ್ಲ.

ಬೆಳಗ್ಗಿನಿಂದ ಅದೇ ಮಾತು. ಎಸೆಯಬೇಕಿದ್ದ ತನ್ನ ಬ್ಯಾಟರಿ ಯಜಮಾನರು ಒಳಗೆ ಹಾಕಿದ ಪುಡಿಯಿಂದ ನಾಲ್ಕು ವರ್ಷ ನಡೆಯಿತೆಂದು ಹಾಲಿನ ವ್ಯಾನಿನವನು ಹೇಳಿದ. ಟೈಲರಮ್ಮ ತನ್ನ ಇನ್ವರ್ಟರಿನದು ಆರು ವರ್ಷ ಬಂತು ಎಂದಳು. ಆರು ಏಳಾಗಿ, ಮಧ್ಯಾಹ್ನದ ಹೊತ್ತಿಗೆ ಒಂಬತ್ತಕ್ಕೆ ಮುಟ್ಟಿತ್ತು. ಯಜಮಾನರ ಹೆಂಡತಿ ಪಕ್ಕದಲ್ಲಿದ್ದ ಮಗಳ ಕಿವಿಯಲ್ಲಿ ಮೆಲ್ಲಗೆ, “ಸತ್ತ ಎಮ್ಮೆಗೆ ಹನ್ನೆರಡು ಸೇರು ಹಾಲು. ಬದುಕಿದ್ದಾಗ ಇದರಲ್ಲಿ ಅರ್ಧ ಹೇಳಿದ್ರೂ ಇನ್ನೆರಡು ವರ್ಷ ಇರ್ತಿದ್ರೇನೋ,” ಎಂದಿದ್ದರು. ಆಗ ಇಬ್ಬರೂ ಸೆರಗಿನ ಮರೆಯಲ್ಲಿ ನಕ್ಕಿದ್ದರು.

ಈಗ ಮಗಳಿಗೆ ನಗು ಬರಲಿಲ್ಲ. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದಂತಾಗಿತ್ತು. ಎದುರುಗಡೆ ಹೊಸ ಬ್ಯಾಟರಿ ಮಾರುವ ಅಂಗಡಿಯವನು ತಲೆ ತಗ್ಗಿಸಿ ನಿಂತಿದ್ದ. ನಗು ಮುಚ್ಚಿಕೊಳ್ಳಲು ಇರಬೇಕು ಎಂದುಕೊಂಡಳು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಅವಳಿಗೆ ಆ ಪುಡಿಯ ಶಕ್ತಿಯೂ ಗೊತ್ತಿತ್ತು, ಮೋಸವೂ ಗೊತ್ತಿತ್ತು. ಗೊತ್ತಿಲ್ಲದ್ದು ಒಂದೇ: ಅಪ್ಪ ತಿಳಿದೂ ತಿಳಿದೂ ಜನರಿಗೆ ಮೋಸ ಮಾಡಿದರೇ? ಹದಿನೈದು ವರ್ಷ ಕೇಳದೆ ಉಳಿಸಿಕೊಂಡ ಪ್ರಶ್ನೆ ಅದು. ಕೇಳಬೇಕಾದವರು ಪೆಟ್ಟಿಗೆಯಲ್ಲಿದ್ದರು.

*

ಆಗ ಅವಳದು ಪದವಿಯ ಕೊನೆಯ ವರ್ಷ. ರಜೆಗೆ ಬಂದವಳು ಅಂಗಡಿಯಲ್ಲಿ ಕೂತಿದ್ದಳು. ಅಪ್ಪ ಹಳೆಯ ಬ್ಯಾಟರಿಯ ಆರು ಬಾಯಿಗಳಿಗೂ ಬಿಳಿ ಪುಡಿ ಹಾಕಿ, ಗಾಜಿನ ನಳಿಗೆಯಿಂದ ಆಮ್ಲವನ್ನು ಮೇಲಕ್ಕೆಳೆದು ಗಿರಾಕಿಗೆ ತೋರಿಸುತ್ತಿದ್ದರು. ಒಳಗಿನ ತೇಲುಗುಂಡು ಹಸಿರು ಗೆರೆಗೆ ಏರಿದರೆ ಬ್ಯಾಟರಿಗೆ ಜೀವ ಬಂತೆಂದು ಅರ್ಥ. ಸೀಸದ ತಟ್ಟೆಗಳ ಮೇಲೆ ವರ್ಷಾನುಗಟ್ಟಲೆ ಕೂತು ಗಟ್ಟಿಯಾದ ಬಿಳಿ ಹರಳನ್ನು ಪುಡಿ ಕೆಲವೊಮ್ಮೆ ನಿಜವಾಗಿಯೂ ಸಡಿಲಿಸುತ್ತಿತ್ತು. ಆದರೆ ಹರಳು ಕದಲದಿದ್ದರೂ, ಪುಡಿ ಕರಗಿ ದ್ರವ ಮಂದವಾದರೆ ಸಾಕು, ಗುಂಡು ಏರುತ್ತದಲ್ಲ!

ಅವಳು ಒಂದು ಲೋಟ ನೀರು ತಂದಳು. ನಳಿಗೆ ಇಟ್ಟಳು, ಗುಂಡು ತಳದಲ್ಲೇ ಇತ್ತು. ನೀರಿಗೆ ಪುಡಿ ಸುರಿದು ಕಲಕಿ ಮತ್ತೆ ಇಟ್ಟಳು. ಗುಂಡು ಎದ್ದು ಹಸಿರಿನತ್ತ ಬಂತು.

“ಇಲ್ಲಿ ಬ್ಯಾಟರಿನೇ ಇಲ್ಲ ಅಪ್ಪಾ. ಬರೀ ಪುಡಿ ನೀರು.”

ಅಂಗಡಿಯಲ್ಲಿ ಮೂವರು ಗಿರಾಕಿಗಳಿದ್ದರು. ಅಪ್ಪ ಲೋಟವನ್ನು ಬಹಳ ಹೊತ್ತು ನೋಡಿ, ನಳಿಗೆ ತೊಳೆದು ಮೊಳೆಗೆ ತೂಗುಹಾಕಿದರು.

“ಮನೇಲಿ ಹೇಳಬಹುದಿತ್ತು,” ಎಂದರು.

ಅಷ್ಟೇ. ಮತ್ತೆ ಆ ಮಾತು ಮನೆಯಲ್ಲಿ ಬರಲಿಲ್ಲ, ಅವಳು ಅಂಗಡಿಯೊಳಗೆ ಕಾಲಿಡಲೂ ಇಲ್ಲ.

*

ಅವಳು ಗಾಡಿಯ ಮುಂದೆ ಬಂದು ಬಾನೆಟ್ ಎತ್ತಿಸಿದಳು.

“ಬೇಡಿ ಮೇಡಂ, ಕೈ ಕೊಳೆಯಾಗುತ್ತೆ,” ಎಂದ ಡ್ರೈವರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಬ್ಯಾಟರಿಗೇ ಅಡ್ಡ ನಿಂತ.

ಅವನನ್ನು ಸರಿಸಿ, ಬಗ್ಗಿ, ಫೋನಿನ ಬೆಳಕು ಬಿಟ್ಟಳು. ಬ್ಯಾಟರಿಯ ಎಂಜಿನ್ ಕಡೆಯ ಮೈಮೇಲೆ ಬಿಳಿ ಬಣ್ಣದ ಅಕ್ಷರಗಳಿದ್ದವು. ಅಪ್ಪನ ಕೈಬರಹ, ಒಂದೊಂದೂ ಬಿಡಿಬಿಡಿ: ‘ಪುಡಿಗೂ ಬಗ್ಗಲಿಲ್ಲ. ಬಲ್ಬು ಹನ್ನೆರಡು ನಿಮಿಷ. ಹೊಸದು ಹಾಕಿಸಿ.’

ಅವಳು ಅದನ್ನು ಗಟ್ಟಿಯಾಗಿ ಓದಿದಳು. ಎಲ್ಲರೂ ಡ್ರೈವರನ ಕಡೆ ತಿರುಗಿದರು.

ಅವನು ತಲೆ ಕೆರೆದುಕೊಂಡ. ಎಲ್ಲರೂ ಅಷ್ಟು ಹೊಗಳುತ್ತಿರುವಾಗ ತಾನೊಬ್ಬ ಸುಮ್ಮನಿರುವುದು ಹೇಗೆಂದು ಒಂದು ಮಾತು ಸೇರಿಸಿದ್ದನಂತೆ. ಒಂದು ವರ್ಷದಿಂದ ಇಳಿಜಾರು ಹುಡುಕಿ ಗಾಡಿ ನಿಲ್ಲಿಸುತ್ತಿದ್ದ. ಈ ಗಲ್ಲಿ ಹಾಳಾದ್ದು ಮಟ್ಟಸ. ಯಜಮಾನರು ಮೂರು ದಿನ ನಿಧಾನಕ್ಕೆ ಚಾರ್ಜ್ ಮಾಡಿ, ದೊಡ್ಡ ಬಲ್ಬು ಕಟ್ಟಿ, ಗಡಿಯಾರದ ಮುಂದೆ ಅವನನ್ನೂ ಕೂರಿಸಿಕೊಂಡಿದ್ದರು. ಬಲ್ಬು ಒಂದು ಗಂಟೆ ಉರಿದರೆ ಮಾತ್ರ ಬ್ಯಾಟರಿ ಗಾಡಿಗೆ, ಇಲ್ಲದಿದ್ದರೆ ಗುಜರಿಗೆ.

“ನಳಿಗೇಲಿ ಹಸಿರು ತೋರಿಸ್ತಿದೆಯಲ್ಲ, ಕೊಟ್ಬಿಡಿ ಅಂತ ಜಗಳ ಆಡಿ ಎತ್ಕೊಂಡ್ ಬಂದೆ,” ಎಂದ. “ನಳಿಗೆ ಸುಳ್ಳು ಹೇಳುತ್ತೆ ಕಣಯ್ಯಾ, ನನ್ನ ಮಗಳು ಲೋಟದಲ್ಲಿ ತೋರಿಸಿದಾಳೆ ಅಂದ್ರು.”

ಮಗಳು ಬಾನೆಟ್ಟಿನ ಅಂಚನ್ನು ಹಿಡಿದುಕೊಂಡಳು.

“ಅಯ್ಯೋ, ಲೋಟದ ಕತೆ ತಾನೆ?” ಎಂದಳು ಟೈಲರಮ್ಮ. “ನಮಗೆಲ್ಲ ಬಾಯಿಪಾಠ.”

ಹಾಲಿನ ವ್ಯಾನಿನವನು ಅದನ್ನು ನಾಲ್ಕು ಸಲ ಕೇಳಿದ್ದ. ನಾಲ್ಕನೆಯ ಸಲಕ್ಕೆ ಲೋಟ ಹೋಗಿ ಬಿಂದಿಗೆ ಆಗಿತ್ತಂತೆ. ಹೊಸ ಬ್ಯಾಟರಿಯ ಅಂಗಡಿಯವನು ಆಗ ತಲೆ ಎತ್ತಿದ. ಅವನ ಕಣ್ಣುಗಳು ಕೆಂಪಾಗಿದ್ದವು. ಬಲ್ಬು ಆರಿದವರನ್ನೆಲ್ಲ ಯಜಮಾನರು ತನ್ನ ಅಂಗಡಿಗೇ ಕಳಿಸುತ್ತಿದ್ದರು, ಇಷ್ಟು ವರ್ಷ ತಾನು ಬದುಕಿದ್ದೇ ಅದರಿಂದ ಎಂದ.

ಮಗಳು ಅಮ್ಮ ಕೂತಿದ್ದ ಕಿಟಕಿಯ ಹತ್ತಿರ ಹೋದಳು. “ನನಗೆ ಯಾಕಮ್ಮ ಹೇಳ್ಲಿಲ್ಲ?”

“ನೀನು ಕೇಳಿದ್ಯಾ?” ಎಂದರು ಅಮ್ಮ. “ಅಂಗಡೀಲಿ ಜಂಬ ಕೊಚ್ಚೋಕೆ ಅವರಿಗಿದ್ದದ್ದು ಅದೊಂದೇ. ಮನೆಗೆ ತಂದು ಯಾಕೆ ಸವೆಸ್ತಾರೆ?”

ಮಗಳಿಗೆ ಅಳು ಬಂತೋ ನಗು ಬಂತೋ, ಎರಡೂ ಒಟ್ಟಿಗೇ ಬಂದವು.

ಹೊಸ ಬ್ಯಾಟರಿ ಕೊಡುವುದಕ್ಕೆ ಅಂಗಡಿಯವನು ತಯಾರಿದ್ದ, ಆದರೆ ಅಂಗಡಿಯ ಬೀಗದ ಕೈ ಅವನ ಹೆಂಡತಿಯ ಬಳಿ, ಹೆಂಡತಿ ಆಗಲೇ ಸ್ಮಶಾನಕ್ಕೆ ಹೋಗಿ ಕಾಯುತ್ತಿದ್ದಳು. ಅಮ್ಮ ಗಡಿಯಾರ ನೋಡಿ, ಇನ್ನು ತಳ್ಳಿ ಎಂದರು. ಮಗಳು ಸೆರಗು ಸಿಕ್ಕಿಸಿ ಹಿಂಬಾಗಿಲಿಗೆ ಹೆಗಲು ಕೊಟ್ಟಳು. ಒಂದು ಪಕ್ಕ ಟೈಲರಮ್ಮ, ಇನ್ನೊಂದು ಪಕ್ಕ ಹೊಸ ಬ್ಯಾಟರಿಯವನು. ಗಾಡಿ ಮೊದಲು ಮೊಂಡು ಹಿಡಿಯಿತು, ಆಮೇಲೆ ಉರುಳಿತು, ಆಮೇಲೆ ಎರಡು ಸಲ ಕೆಮ್ಮಿ, ಎಲ್ಲರ ಮುಖಕ್ಕೂ ಹೊಗೆ ಬಿಟ್ಟು ಎದ್ದಿತು.

ನಿಲ್ಲಿಸಿದರೆ ಮತ್ತೆ ಹೊರಡದೆಂಬ ಭಯಕ್ಕೆ ಡ್ರೈವರು ನಿಲ್ಲಿಸಲೇ ಇಲ್ಲ. ಕಿಟಕಿಯಿಂದ ಅಮ್ಮನ ಕೈ ಹೊರಬಂದು, ಶಾಲೆಗೆ ತಡವಾದ ಮಕ್ಕಳನ್ನು ಕರೆಯುವಂತೆ, ಬೇಗ ಬನ್ನಿ ಬೇಗ ಬನ್ನಿ ಎಂದು ಬೀಸತೊಡಗಿತು. ಗಲ್ಲಿಯುದ್ದಕ್ಕೂ ನಲವತ್ತು ಜನ ಚಪ್ಪಲಿ ಕೈಯಲ್ಲಿ ಹಿಡಿದು, ನಗುತ್ತ, ಏದುಸಿರು ಬಿಡುತ್ತ ಹಿಂದೆ ಓಡಿದರು. ಎಲ್ಲರಿಗಿಂತ ಮುಂದೆ, ಮುಖದ ತುಂಬ ಮಸಿ ಹೊತ್ತ ಮಗಳು.