ಆಲ್‌ಸ್ಟ್ರಾಂಡ್‌ಗೆ ಅರವತ್ತೆರಡು ಅರ್ಜಿ

ಆಲ್‌ಸ್ಟ್ರಾಂಡ್ ಶಿಶುವಿಹಾರದಲ್ಲಿರುವುದು ಇಪ್ಪತ್ತನಾಲ್ಕು ಜಾಗ. ಈ ವಸಂತದಲ್ಲಿ ಬಂದ ಅರ್ಜಿ ಅರವತ್ತೆರಡು. ಅದು ದ್ವೀಪದ ತುದಿ, ದೋಣಿ ಬಿಟ್ಟರೆ ಗತಿಯಿಲ್ಲ. ನಗರಸಭೆಯಲ್ಲಿ ಯಾರೂ ಈ ಲೆಕ್ಕ ನಂಬಲಿಲ್ಲ.

ನಾನು ನಂಬಿದೆ. ಆ ಅರ್ಜಿಯ ವೆಬ್ ಪುಟ ಬರೆದವನು ನಾನೇ, ನಗರಸಭೆಯ ಪ್ರೋಗ್ರಾಮರ್ ಯೆರೆ.

ನಮ್ಮೂರಲ್ಲಿ ಗಂಡನದು ಒಂದು ಭಾಷೆಯಾದರೆ ಹೆಂಡತಿಯದು ಇನ್ನೊಂದು. ಫಿನ್ನಿಷ್‌ನಲ್ಲಿ ತುಂಬಿದ್ದನ್ನು ಸ್ವೀಡಿಷ್ ಗುಂಡಿ ಒತ್ತಿ ಮತ್ತೊಮ್ಮೆ ಓದಿಯೇ ಕಳಿಸುವುದು. ಗುಂಡಿ ಒತ್ತಿದೊಡನೆ ನಾನು ಬರೆದ ಜೆಕ್ವೆರಿ ಕೋಡಿನ ಸಾಲು ಶಿಶುವಿಹಾರಗಳ ಡ್ರಾಪ್‌ಡೌನ್ ಪಟ್ಟಿಯನ್ನು ಖಾಲಿ ಮಾಡಿ, ಹೆಸರುಗಳನ್ನು ಸ್ವೀಡಿಷ್‌ನಲ್ಲಿ ಮತ್ತೆ ತುಂಬುತ್ತಿತ್ತು. ಆರಿಸಿದ್ದು ಅಳಿಸಿಹೋಗಿ, ಮೊದಲ ಹೆಸರು ಬಂದು ಕೂರುತ್ತಿತ್ತು. ಆಲ್‌ಸ್ಟ್ರಾಂಡ್.

"ತಪ್ಪು ಮಾಡಿದವನು ನಾನು, ಗುನ್ವೋರ್! ಶಿಕ್ಷೆ ಕೊಡಿ, ಆದ್ರೆ ತಲೆ ಬಗ್ಸು ಅನ್ಬೇಡಿ!" ಎಂದೆ, ಎದೆಯುಬ್ಬಿಸಿ.

ನಮ್ಮ ವಿಭಾಗದ ಮುಖ್ಯಸ್ಥೆ ಗುನ್ವೋರ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. "ಯೆರೆ, ಡೈಲಾಗ್ ಸಾಕು ಮಾರಾಯ. ಸರಿ ಮಾಡೋಕೆ ಎಷ್ಟ್ ಹೊತ್ತು?"

"ಎರಡೇ ಸಾಲು. ಆರ್ಸಿದ್ದನ್ನ ಮೊದ್ಲು ನೆನಪಿಟ್ಕೊಳ್ಳೋದು, ಪಟ್ಟಿ ತುಂಬಿದ್ಮೇಲೆ ವಾಪಸ್ ಇಡೋದು. ಹತ್ತು ನಿಮಿಷ."

"ಈ ಅರವತ್ತೆರಡು ಮಕ್ಕಳನ್ನ ಎಲ್ಲಿಡ್ತೀಯಾ?"

ಅವರು ನಿಜವಾಗಿ ಆರಿಸಿದ್ದು ಎಲ್ಲೂ ಉಳಿದಿರಲಿಲ್ಲ. ಸಂಜೆ ನಾಲ್ಕಕ್ಕೆ ಅಂತಿಮ ಹಂಚಿಕೆಯ ಪಟ್ಟಿ ಮುಚ್ಚುತ್ತದೆ. ಮನೆಯವರ ಬಾಯಿಂದ ಕೇಳದೆ ತಿದ್ದುವಂತಿಲ್ಲ.

"ಫೋನ್ ಎತ್ತು, ಹೀರೋ."

ಎತ್ತಿದೆ. ಐದು ಮನೆಯವರು ಮಾತ್ರ ಆಲ್‌ಸ್ಟ್ರಾಂಡೇ ಬೇಕೆಂದರು. "ಅಯ್ಯೋ, ಅವ್ರೇ ತಪ್ಪಾಗಿ ಒತ್ತಿದ್ರು ಅಂತ ನಮ್ಮನೆಯವ್ರನ್ನ ಬೈದ್ಬಿಟ್ಟಿದ್ದೆ ಕಣಪ್ಪ," ಎಂದಳೊಬ್ಬಳು. ಮೂರರ ಹೊತ್ತಿಗೆ ಗಂಟಲು ಒಣಗಿ, ನಾಲ್ಕನೇ ಕಾಫಿಯೂ ಆರಿತ್ತು. ಉಳಿದದ್ದು ಮಾರ್ಲೀನ್ ಎಂಬ ನರ್ಸ್ ಒಬ್ಬಳೇ. ಮುಕ್ಕಾಲು ಗಂಟೆ ಮತ್ತೆಮತ್ತೆ ಮಾಡಿದರೂ ಮೊಬೈಲು ಎತ್ತಲಿಲ್ಲ. ಕೊನೆಗೆ ಆಸ್ಪತ್ರೆಯ ವಾರ್ಡಿಗೇ ಮಾಡಿದೆ. ನಾಲ್ಕಕ್ಕೆ ಎಂಟು ನಿಮಿಷವಿತ್ತು.

"ಆಲ್‌ಸ್ಟ್ರಾಂಡ್ ಅಂತ ತಾತ್ಕಾಲಿಕ ಹಂಚಿಕೆ ಪತ್ರ ಬಂತು," ಎಂದಳು. "ನನ್ನ ಪಾಳಿ ಶುರುವಾಗೋದು ಬೆಳಿಗ್ಗೆ ಆರೂಮುಕ್ಕಾಲಿಗೆ, ಮೊದಲ ದೋಣಿ ಹೊರಡೋದೇ ಏಳಕ್ಕೆ. ಕೆಲಸ ಬಿಡ್ತೀನಿ ಅಂತ ಬರ್ದಿಟ್ಟಿದೀನಿ."

"ಕೊಡ್ಬೇಡಿ. ನೀವು ಆರ್ಸಿದ್ದು ಯಾವ್ದು?"

"ಲಿಂಡ್‌ಬಾಕ, ಆಸ್ಪತ್ರೆ ಪಕ್ಕದ್ದು. ಯಾರ್ರೀ ಇದನ್ನ ಮಾಡಿದ್ದು?"

"ನಾನು," ಎಂದೆ.

ಆ ಕಡೆ ಗಾಲಿಮಂಚವೊಂದು ಉರುಳಿಹೋದ ಸದ್ದು. "ಅಲ್ಲಿ ಜಾಗ ಇದ್ಯಾ?"

"ಎರಡಿದೆ."

"ಈಗ ಏನ್ ಬರ್ದ್ರಿ, ಓದಿ."

ಓದಿದೆ.

"ಇನ್ನೊಂದ್ಸಲ."

ಮಗುವಿನ ಹೆಸರು, ಹುಟ್ಟಿದ ದಿನ, ಲಿಂಡ್‌ಬಾಕ. ಒಂದೊಂದೇ ಅಕ್ಷರ ನೋಡಿಕೊಂಡು ಓದಿದೆ. ಅವಳು ಫೋನ್ ಇಟ್ಟಳು. ನಾಲ್ಕಕ್ಕೆ ಎರಡು ನಿಮಿಷವಿರುವಾಗ ಉಳಿಸುವ ಗುಂಡಿ ಒತ್ತಿದೆ. ಗುನ್ವೋರ್ ಆಗಲೇ ಮೇಜಿನ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದಳು.