ಆ ಒಂದು ವಲಯ ಬಿಟ್ಟು

ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ಅನುಮಾನ ಬಂದರೆ ಹಿಂದಿರುಗಬೇಡಿ, ಚಿಲಕದ ಭಾವ ಅಷ್ಟರಲ್ಲಿ ಎಳೆದು ನೋಡಿರುತ್ತಾರೆ, ಎಂದು ಆ ಬೀದಿಯವರು ಹೇಳುತ್ತಿದ್ದರು. ಅವರನ್ನು ಭಾವ ಎಂದು ಕರೆಯುವ ಹಕ್ಕಿದ್ದವಳು ನಿಜಕ್ಕೂ ಒಬ್ಬಳೇ, ಹೆಂಡತಿಯ ತಂಗಿ. ಆದರೆ ಮನೆಯಳಿಯನಾಗಿ ಬಂದವರನ್ನು ಬೀದಿಗೆ ಬೀದಿಯೇ ಆ ಸಂಬಂಧದಿಂದ ಕರೆದು ತನ್ನವರನ್ನಾಗಿ ಮಾಡಿಕೊಂಡಿತ್ತು.

ತಲೆಯನ್ನು ಒಂದಿಷ್ಟು ಎಡಕ್ಕೆ ವಾಲಿಸಿ, ಯಾರದೋ ಮನೆಯ ನಲ್ಲಿ ತೊಟ್ಟಿಕ್ಕುವ ಸದ್ದಿಗೆ ಕಿವಿಗೊಟ್ಟವರಂತೆ ನಡೆಯುವ ನಡಿಗೆ; ಚಳಿಯಿರಲಿ ಸೆಕೆಯಿರಲಿ, ಮೈಮೇಲೆ ಬೂದುಬಣ್ಣದ ತೋಳಿಲ್ಲದ ಕೋಟು. ಅದರ ಮೇಲಿನ ಗುಂಡಿ ಸದಾ ಸಡಿಲ, ಏಕೆಂದರೆ ಮಾತು ತಡವರಿಸಿದಾಗಲೆಲ್ಲ ಕೈ ಹೋಗಿ ಅದನ್ನೇ ತಿರುವುತ್ತಿತ್ತು. ಬಾಯಲ್ಲಿ ಒಂದೇ ಮಂತ್ರ: "ಎಲ್ಲಾ ಒಂದ್ಕಡೆ ಬರ್ಲಿ." ಕೀಲಿಕೈಗಳು ಬಾಗಿಲ ಪಕ್ಕದ ಹಲಗೆಯ ಕೊಕ್ಕೆಗಳಿಗೆ ಬಂದವು, ಕೊಡೆಗಳು ಒಂದು ಮೂಲೆಗೆ, ಔಷಧಿಗಳು ಒಂದು ಡಬ್ಬಿಗೆ, ಮಾವನವರ ಕನ್ನಡಕ ಮಾತ್ರ ಎಲ್ಲಿಗೂ ಬರಲಿಲ್ಲ, ಹುಡುಕಿದಾಗಲೆಲ್ಲ ಅದು ಅವರ ಹಣೆಯ ಮೇಲೇ ಇರುತ್ತಿತ್ತು. ಬಿಟ್ಟರೆ ನನ್ನನ್ನೂ ಕೊಕ್ಕೆಗೆ ನೇತುಹಾಕುತ್ತಾನೆ ನಮ್ಮ ಅಳಿಯ, ಎಂದು ಮಾವ ನೆರೆಯವರೊಡನೆ ನಗುತ್ತಿದ್ದರು. ನಗೆಯ ತಳದಲ್ಲಿ ಹೆಮ್ಮೆ.

ಅವರ ಕಸುಬೂ ಆ ಮಂತ್ರದ ವಿಸ್ತಾರವೇ. ಅವರ ಕಂಪನಿಯ ಕಂಪ್ಯೂಟರುಗಳು ಕ್ಲೌಡಿನಲ್ಲಿದ್ದವು, ಎಂದರೆ ಬಾಡಿಗೆಗೆ ಹಿಡಿದವು, ದೂರದೂರದ ವಲಯಗಳಲ್ಲಿ ಹಂಚಿಹೋದವು. ವಲಯಕ್ಕೊಂದು ಕಾವಲು ತಂತ್ರಾಂಶ. ಯಾವ ಬಾಗಿಲು ತೆರೆದೇ ಉಳಿದಿದೆ, ಯಾರ ಕೀಲಿ ಹಳತಾಗಿದೆ, ಗುರುತಿಲ್ಲದ ಯಾರು ಒಳಹೊಕ್ಕರು ಎಂದು ಅದು ದೂರು ಬರೆಯುತ್ತದೆ. ಬರೆದ ದೂರು ಅಲ್ಲಲ್ಲೇ ಬಿದ್ದಿರುತ್ತದೆ. ಎಲ್ಲ ವಲಯಗಳ ದೂರುಗಳೂ ತಾವಾಗಿ ಒಂದೇ ತವರು ವಲಯಕ್ಕೆ ಹರಿದುಬಂದು ಒಂದೇ ಪರದೆಯಲ್ಲಿ ಕಾಣುವಂತೆ ಮಾಡಿದವರು ಭಾವ. ನಾಲ್ಕು ಗುಂಡಿ ಒತ್ತಿ ಮುಗಿಸಬಹುದಾಗಿದ್ದುದನ್ನು ಹಟ ಹಿಡಿದು ಕೋಡಿನಲ್ಲಿ, ಕಂಪ್ಯೂಟರಿಗೆ ಅರ್ಥವಾಗುವ ಸಾಲುಗಳಲ್ಲಿ, ಬರೆದರು. "ಕೈಯಲ್ಲಿ ಮಾಡಿದ್ದು ಕೈಗಷ್ಟೇ ಗೊತ್ತು, ಬರೆದಿಟ್ಟಿದ್ದು ಊರಿಗೆಲ್ಲ ಗೊತ್ತು" ಎನ್ನುವುದು ಅವರ ಸಿದ್ಧಾಂತ.

ಒಂದು ವಲಯ ಮಾತ್ರ ಮಹಾ ಬಾಯಿಬಡುಕ. ಪರೀಕ್ಷೆಗೆಂದು ತೆರೆದು ಮರೆತ ಹಳೆಯ ಯಂತ್ರಗಳೆಲ್ಲ ಅಲ್ಲಿದ್ದವು. ಅವುಗಳ ಚಿಲ್ಲರೆ ದೂರುಗಳಿಂದ ಇಡೀ ಪರದೆ ಕೆಂಪಗೆ ಕುದಿಯುತ್ತಿತ್ತು. ಹಿರಿಯ ಅಧಿಕಾರಿಗಳು ನೋಡಲು ಬರುವ ಹಿಂದಿನ ದಿನ ಭಾವ ಕೋಡಿನಲ್ಲಿ 'ಎಲ್ಲ ವಲಯಗಳು' ಎಂದಿದ್ದ ಸಾಲನ್ನು 'ಈ ಒಂದು ವಲಯ ಬಿಟ್ಟು ಉಳಿದೆಲ್ಲ' ಎಂದು ತಿದ್ದಿ, ಪಕ್ಕದಲ್ಲಿ 'ತಾತ್ಕಾಲಿಕ' ಎಂದು ಟಿಪ್ಪಣಿಯಿಟ್ಟರು. ಆ ತಿದ್ದುಪಡಿಯನ್ನು ಪರಿಶೀಲಿಸಬೇಕಾದ ಸಹೋದ್ಯೋಗಿಗಳು, ಇವರು ಬರೆದದ್ದರಲ್ಲಿ ನೋಡುವುದೇನು ಎಂದು ಒಪ್ಪಿಗೆ ಕೊಟ್ಟರು. ಮರುದಿನ ಪರದೆ ಹಸಿರು ಗದ್ದೆ. ಚಪ್ಪಾಳೆ ಬಿತ್ತು, ಬಡ್ತಿ ಬಂತು. ಆ ಸಾಲನ್ನು ಈಗ ತೆಗೆದರೆ ಪರದೆ ಕೆಂಪಾಗುತ್ತದೆ, ಚಪ್ಪಾಳೆ ಸುಳ್ಳಾಗುತ್ತದೆ. ನಾಳೆ ತೆಗೆದರಾಯಿತು ಎಂದುಕೊಂಡರು. ಆ ನಾಳೆಗೆ ಕಾಲು ಬರಲೇ ಇಲ್ಲ. ನಡುವೆ, ಅದೇ ಹಸಿರು ಪರದೆಯನ್ನು ಕಾಯುವ ಕೆಲಸಕ್ಕೆ ತಮ್ಮ ನಾದಿನಿಯನ್ನು ಸೇರಿಸಿ, ಕಲಿಯಲಿ ಎಂದು ತಮ್ಮ ಕೋಡನ್ನೆಲ್ಲ ಅಚ್ಚು ಹಾಕಿಸಿ ಅವಳ ಕೈಗೆ ಕೊಟ್ಟರು.

ಯಾರೋ ಕದ್ದ ಕೀಲಿಯೊಡನೆ ಒಳನುಗ್ಗಿದ್ದು ಆ ವಲಯದಿಂದಲೇ. ಗ್ರಾಹಕರ ವಿವರಗಳನ್ನೆಲ್ಲ ದೋಚಿಕೊಂಡು ಹೋದರು. ಅಲ್ಲಿನ ಕಾವಲು ನಿದ್ದೆ ಮಾಡಿರಲಿಲ್ಲ, ದೂರಿನ ಮೇಲೆ ದೂರು ಬರೆದಿತ್ತು. ಆದರೆ ಎಲ್ಲವೂ ಒಂದು ಕಡೆ ಬರುತ್ತದೆಂದು ನಂಬಿದವರು ಇನ್ನೊಂದು ಕಡೆ ಏಕೆ ನೋಡಿಯಾರು?

"ದೂರು ಇತ್ತು. ಪರದೆ ನಿಮ್ಮ ಕಣ್ಮುಂದೇನೇ ಇತ್ತಲ್ಲಮ್ಮ?" ಎಂದು ಮ್ಯಾನೇಜರು ವಿಚಾರಣೆಯಲ್ಲಿ ನಾದಿನಿಯನ್ನು ಕೇಳಿದರು.

"ಇತ್ತು ಸರ್. ಹಸಿರಾಗಿತ್ತು."

ಅಂದವಳು ಭಾವನ ಕಡೆ ತಿರುಗಿದಳು, ಇನ್ನು ಮುಂದಿನದನ್ನು ಇವರು ಹೇಳುತ್ತಾರೆ ಎಂಬ ನೆಮ್ಮದಿಯಲ್ಲಿ. ಭಾವ ಗುಂಡಿ ತಿರುವಿದರು. "ನೋಡ್ಬೇಕು" ಎಂದರು. ಅಷ್ಟು ಸಾಕಾಯಿತು, ತೀರ್ಮಾನವಾಗುವವರೆಗೆ ಮನೆಯಲ್ಲಿರುವಂತೆ ಮ್ಯಾನೇಜರು ಅವಳಿಗೆ ಹೇಳಿ ಕಳಿಸಿದರು.

ಊಟಕ್ಕೆ ಕೂತಾಗ ಮಾವ ಮಗಳ ಮೇಲೆ ಹರಿಹಾಯ್ದರು. "ಕೆಲಸ ಕೊಡ್ಸಿದೋನ ಮುಖಕ್ಕೇ ಮಸಿ ಬಳಿದೆಯಲ್ಲೇ."

"ಭಾವ ಕಟ್ಟಿದ್ರಲ್ಲಿ ತಪ್ಪಿರಲ್ಲ ಅಪ್ಪ. ನಾನೇ ಎಲ್ಲೋ ನೋಡದೆ ಬಿಟ್ಟಿರ್ತೀನಿ" ಎಂದಳು ಅವಳು.

ಭಾವ ತುತ್ತು ನುಂಗಿದರು. ಅತ್ತೆ ಇನ್ನಷ್ಟು ಬಡಿಸಲೇ ಎಂದಾಗ ತಟ್ಟೆಯನ್ನು ಮುಂದಕ್ಕೊಡ್ಡಿದರು. ಮುಂದೆ ಅವರನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು ಇದೇ: ಆ ಮಾತು ಕೇಳಿದ ಮೇಲೂ ಹಸಿವಾಗಿತ್ತಲ್ಲ ಎಂಬುದು.

ತನ್ನ ತಪ್ಪು ಹುಡುಕಲೆಂದೇ ಅವಳು ಭಾವ ಕೊಟ್ಟಿದ್ದ ಹಾಳೆಗಳನ್ನು ಬಿಚ್ಚಿ, ಸಾಲುಸಾಲಾಗಿ ಬೆರಳಿಟ್ಟು ಓದುತ್ತ ಕೂತಳು. ಒಂದು ಸಂಜೆ ಇವರು ಬೂಟು ಕಳಚುತ್ತಿದ್ದಾಗ ಹಾಳೆ ಹಿಡಿದು ಬಂದು ನಿಂತಳು.

"ಭಾವ, ಇಲ್ಲಿ ತಾತ್ಕಾಲಿಕ ಅಂತಿದೆಯಲ್ಲ. ಎಷ್ಟು ದಿನ?"

ಬೈದಿದ್ದರೆ ಬದುಕಿಕೊಳ್ಳುತ್ತಿದ್ದರು. ಅವಳು ಉತ್ತರಕ್ಕೂ ಕಾಯದೆ ಹಾಳೆಯನ್ನು ಮೇಜಿನ ಮೇಲಿಟ್ಟು, ಒಣಗಿದ ಬಟ್ಟೆ ತರಲು ಮಹಡಿಗೆ ಹೋದಳು. ಯಾರಿಗೂ ಹೇಳಲಿಲ್ಲ. ಹೇಳುವ ಭಾರವನ್ನು ಅದರ ಒಡೆಯನಿಗೇ ಬಿಟ್ಟಳು.

ಬೆಳಗಾದ ಮೇಲೆ ಭಾವ ಕಚೇರಿಗೆ ಹೋಗಿ ಆ ಸಾಲನ್ನು ಮತ್ತೆ 'ಎಲ್ಲ ವಲಯಗಳು' ಎಂದು ತಿದ್ದಿದರು. ಹಳೆಯ ದೂರುಗಳೆಲ್ಲ ಕಟ್ಟೆಯೊಡೆದು ನುಗ್ಗಿ, ನೋಡನೋಡುತ್ತಲೇ ಪರದೆ ಕೆಂಪಾಯಿತು. "ಬಿಟ್ಟಿದ್ದು ನಾನು. ಅವಳಿಗೆ ಕಾಣೋ ಹಾಗೇ ಇರ್ಲಿಲ್ಲ" ಎಂದರು ಮ್ಯಾನೇಜರಿಗೆ, ಸಂಜೆ ಅದನ್ನೇ ಮನೆಯವರೆದುರೂ ಹೇಳಿದರು. ನಾದಿನಿಗೆ ಕೆಲಸ ಮರಳಿತು, ಅವರದು ಹೋಯಿತು.

ಮನೆಯಲ್ಲಿ ಯಾರೂ ಒಂದು ಕೆಟ್ಟ ಮಾತಾಡಲಿಲ್ಲ. "ಬಾರಯ್ಯ, ಊಟ ಮಾಡು" ಎನ್ನುತ್ತಿದ್ದ ಮಾವ ಮಾತ್ರ "ತಾವು ಊಟ ಮಾಡಿದ್ರಾ?" ಎನ್ನತೊಡಗಿದರು. ಆ 'ತಾವು' ಕಿವಿಗೆ ಬಿದ್ದಾಗಲೆಲ್ಲ ಭಾವ ಒಂದೊಂದು ಅಂಗುಲ ಕುಗ್ಗಿದರು. ಬೀದಿಯ ಬೀಗಗಳತ್ತ ಕೈ ಚಾಚಲು ಕೈಯೇ ನಾಚಿತು. ಕಡೆಗೆ ಹೆಂಡತಿ ಊರಿನ ಆ ತುದಿಯಲ್ಲಿ ಬಾಡಿಗೆ ಮನೆ ಹಿಡಿದು, ಸಾಮಾನಿನ ಗಾಡಿಯೊಡನೆ ಮುಂದೆ ಹೋದಳು.

ಲೋಕದ ಬಾಗಿಲುಗಳನ್ನೆಲ್ಲ ಎಳೆದು ನೋಡುವ ಇಂಥ ಜನ ಅಜಾಗರೂಕತೆಯಿಂದ ಕೆಡುವುದು ಅಪರೂಪ. ಅವರನ್ನು ಕೆಡಿಸುವುದು ಮೆಚ್ಚುಗೆ. ಎಚ್ಚರದವರೆಂಬ ಹೆಸರು ಒಮ್ಮೆ ಬಂದಿತೋ, ಎಚ್ಚರವನ್ನು ಬಿಟ್ಟು ಹೆಸರನ್ನು ಕಾಯತೊಡಗುತ್ತಾರೆ. ಬೇರೆಯವರು ಅವರನ್ನು ನಂಬಿ ಕಣ್ಣು ಮುಚ್ಚಿರುತ್ತಾರೆ.

ಭಾವ ತಮ್ಮ ಪಾಲಿನ ಕೀಲಿಕೈಯನ್ನು ಹಲಗೆಯ ಕೊಕ್ಕೆಗೆ ತೂಗುಹಾಕಿ ಹೊಸಿಲು ದಾಟಿದರು. ಬಾಗಿಲಿಗೆ ಬಂದ ನಾದಿನಿ, ಎಲ್ಲ ತೆಗೆದುಕೊಂಡಿರಾ ಎಂದು ಕೇಳಿದಳು. "ಹೂಂ ಕಣಮ್ಮ" ಎಂದರು. ಬಾಗಿಲು ಮುಚ್ಚಿತು, ಒಳಗಿನಿಂದ ಚಿಲಕ ಬಿದ್ದ ಸದ್ದಾಯಿತು. ಅಭ್ಯಾಸಬಲದಿಂದ ಎದ್ದ ಕೈಯನ್ನು ಅವರು ಕೋಟಿನ ಜೇಬಿಗಿಳಿಸಿದರು. ಅಷ್ಟರಲ್ಲಿ ಒಳಗಿನಿಂದಲೇ ಯಾರೋ ಚಿಲಕವನ್ನು ಒಮ್ಮೆ ಎಳೆದು ನೋಡಿದ್ದು ಕೇಳಿಸಿತು, ಅವರೇ ಕಲಿಸಿದ ಹಾಗೆ. ತಲೆಯನ್ನು ಎಡಕ್ಕೆ ವಾಲಿಸಿ ಆ ಸದ್ದನ್ನು ಪೂರ್ತಿ ಕೇಳಿಸಿಕೊಂಡು, ಭಾವ ಮೆಟ್ಟಿಲಿಳಿದರು.