ಬತ್ತಿದ ಭದ್ರೆಯಲ್ಲಿ

“ಆ ಸಮುದ್ರ ಇನ್ನೂ ಎಷ್ಟು ದಿನ ಬಿಸಿ ಇರುತ್ತೋ, ಮಧು?”

ಭದ್ರಾವತಿಯ ಸೇತುವೆಯ ಕೆಳಗೆ, ನೀರಿಳಿದು ಮೇಲೆದ್ದ ಬಂಡೆಗಳ ನಡುವೆ, ಜಗದಾಂಬಾ ಕೋಲಿನಿಂದ ಕೆಸರು ಕೆದಕುತ್ತಿದ್ದರು. ಮಗ ಮಧು ಶಿವಮೊಗ್ಗದ ಪತ್ರಿಕೆಯೊಂದರ ವರದಿಗಾರ. ಪೆರು ದೇಶದ ಆಚೆ ಪೆಸಿಫಿಕ್ ಸಾಗರ ವಾಡಿಕೆಗಿಂತ ಬಿಸಿಯಾಗಿದೆ, ಈ ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟಿದ್ದಕ್ಕೆ ಅದೂ ಒಂದು ಕಾರಣ ಎಂದು ಆವತ್ತಿನ ಸಂಚಿಕೆಯಲ್ಲಿ ಬರೆದಿದ್ದ.

“ಬೇಸಿಗೆವರೆಗೂ ಇರಬಹುದು ಅಂತಾರಮ್ಮ.”

“ಇರಲಿ.”

ದಡದ ಮೇಲೆ ಬಟ್ಟೆ ಹಿಂಡುತ್ತಿದ್ದ ಪಕ್ಕದ ಮನೆಯ ಜಲಜಮ್ಮ ಸುಮ್ಮನಿರಲಿಲ್ಲ. “ಊರೆಲ್ಲ ಮಳೆಗೆ ಪೂಜೆ ಮಾಡಿಸ್ತಿದೆ. ನೀನೊಬ್ಳು ಬೇಡ ಅಂತೀಯಲ್ಲೇ ಮಾರಾಯ್ತಿ. ನಮ್ಮನೆಗೆ ನೀನೇ ನೀರು ಹೊರ್ತೀಯಾ?”

“ಹೊರ್ತೀನಿ. ಮೊದ್ಲು ಅವರು ಸಿಗಲಿ.”

ಜಗದಾಂಬಾರ ಗಂಡ ಜಂಬಣ್ಣ ಹೋಗಿದ್ದು 2019ರ ಆಗಸ್ಟ್‌ನಲ್ಲಿ. ಸೇತುವೆಯ ಮೇಲೆ ನೀರು ಹರಿಯುತ್ತಿದ್ದಾಗ ಸೈಕಲ್ ತಳ್ಳಿಕೊಂಡು ದಾಟಲು ಹೊರಟವರು. ಶವ ಸಿಗಲಿಲ್ಲ. ಅವರ ಮನೆತನದಲ್ಲಿ ಸತ್ತವರನ್ನು ಸುಡುವುದಿಲ್ಲ. ಕೊರಳಿನ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು, ಕೂರಿಸಿ ಮಣ್ಣು ಮಾಡುತ್ತಾರೆ. ಲಿಂಗವಾದರೂ ಸಿಕ್ಕರೆ ಸಮಾಧಿ ಮಾಡೋಣ ಎಂದಿದ್ದರು ಮಠದ ಅಯ್ಯನವರು. ಅಂದಿನಿಂದ ಜಗದಾಂಬಾ ಹಿತ್ತಿಲ ಬಾಗಿಲಿಗೆ ಚಿಲಕ ಹಾಕಗೊಡಲಿಲ್ಲ. ಒಮ್ಮೊಮ್ಮೆ ಅಲ್ಲಿ ಗಂಡ ಕೆಮ್ಮಿದ್ದು ಅವರಿಗೆ ಕೇಳುತ್ತಿತ್ತು. ಮಧು ತನಗೇನೂ ಕೇಳಲಿಲ್ಲ ಎನ್ನುತ್ತಿದ್ದ. ಅದು ಪೂರ್ತಿ ನಿಜವಾಗಿರಲಿಲ್ಲ.

ನಾಳೆ ಅಣೆಕಟ್ಟಿನಿಂದ ನದಿಗೆ ನೀರು ಬಿಡುತ್ತಾರೆಂದು ಪ್ರಕಟಣೆ ಬಂದಿತ್ತು.

ಎರಡು ಬಂಡೆಗಳ ಸಂದಿಯಲ್ಲಿ ಕೋಲಿಗೆ ಏನೋ ತಗುಲಿತು. ಜಗದಾಂಬಾ ಮೊಣಕಾಲೂರಿ ಕೈ ಹಾಕಿದರು. ಬಂದದ್ದು ಲಿಂಗ ಇಡುವ ಬೆಳ್ಳಿಯ ಕರಡಿಗೆ, ಕಪ್ಪಾಗಿತ್ತು. ಮಧು ಅದನ್ನು ತೊಳೆದು ನೋಡಿದ. ಎಳೆಯ ಮಕ್ಕಳ ಕೊರಳಿಗೆ ಕಟ್ಟುವಂಥದ್ದು.

“ಅಪ್ಪಂದು ಇದರ ಎರಡರಷ್ಟಿತ್ತಮ್ಮ.”

“ಇಷ್ಟು ವರ್ಷ ನೀರಲ್ಲಿತ್ತಲ್ಲ,” ಎಂದರು ಜಗದಾಂಬಾ. “ಸವೆದಿರುತ್ತೆ.”

“ಏನೇ, ಸಿಕ್ತಾ?” ದಡದಿಂದ ಜಲಜಮ್ಮ ಕೂಗಿದರು.

ಜಗದಾಂಬಾ ಮಗನ ಮುಖವನ್ನೇ ನೋಡುತ್ತಿದ್ದರು.

“ಸಿಕ್ತು ಜಲಜಕ್ಕ,” ಎಂದ ಮಧು. “ಅಪ್ಪಂದೇ.”

ಮರುದಿನ ಬೆಳಿಗ್ಗೆ ರುದ್ರಭೂಮಿಯಲ್ಲಿ, ಬೆಳೆದ ಆಳು ಕೂರುವಷ್ಟು ಆಳದ ಗುಂಡಿ. ಅದರ ತಳದಲ್ಲಿ, ವಿಭೂತಿಯ ನಡುವೆ, ಹೆಬ್ಬೆರಳ ಗಾತ್ರದ ಬೆಳ್ಳಿ. ಅಯ್ಯನವರು ಒಮ್ಮೆ ಅದನ್ನೂ ಒಮ್ಮೆ ಮಧುವನ್ನೂ ನೋಡಿ ಮಂತ್ರ ಮುಂದುವರಿಸಿದರು. ನದಿಯ ಕಡೆಯಿಂದ ನೀರು ಬರುವ ಸದ್ದು ಕೇಳತೊಡಗಿತ್ತು.

ಮೊದಲ ಹಿಡಿ ಮಣ್ಣು ಎತ್ತಿಕೊಂಡ ಜಗದಾಂಬಾ ಅದನ್ನು ಮತ್ತೆ ಕೆಳಗಿಟ್ಟರು. ಸೆರಗಿನ ಅಂಚನ್ನು ಹರಿದು, ಮಧುವಿನ ಕೈ ಹಿಡಿದು ಗುಂಡಿಗಿಳಿದು, ಆ ಚೂರನ್ನು ಕರಡಿಗೆಯ ಸುತ್ತ, ಎಳೆಗೂಸಿಗೆಂಬಂತೆ, ಬೆಚ್ಚಗೆ ಸುತ್ತಿದರು.